ರೆಪ್ಪೆಯ ಗುಳ್ಳೆಗೆ ಮೆಡಿಕಲ್ ಶಾಪಿನ ಮುಲಾಮು: ಯಾವುದು ಆಗುತ್ತದೆ, ಯಾವುದು ಬೇಡ, ರಕ್ತಪರೀಕ್ಷೆ ಯಾವಾಗ

ಮಳೆ ಹಿಡಿದರೆ ಮಲೆನಾಡಿನ ಮನೆಗಳಲ್ಲಿ ಒಂದು ಟ್ಯೂಬ್ ಯಾವಾಗಲೂ ಕೈಗೆ ಸಿಗುವಂತಿರುತ್ತದೆ. ಕಾಲ್ಬೆರಳ ಸಂದಿಗೆ, ತೊಡೆಸಂದಿಗೆ, ಕುತ್ತಿಗೆಯ ತುರಿಕೆಗೆ, ಎಲ್ಲಕ್ಕೂ ಅದೇ. ಕಣ್ಣುರೆಪ್ಪೆಯಲ್ಲಿ ಗುಳ್ಳೆ ಎದ್ದರೂ ಕೈ ಹೋಗುವುದು ಆ ಟ್ಯೂಬಿಗೇ. ಖಾಲಿಯಾಗಿದ್ದರೆ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡ್ ಪಕ್ಕವೋ ಶಿವಮೊಗ್ಗದ ದುರ್ಗಿಗುಡಿಯಲ್ಲೋ ಒಂದು ಮೆಡಿಕಲ್ ಶಾಪಿಗೆ ಹೋಗಿ, ಕನ್ನಡಕ ತೆಗೆದು ಕಣ್ಣು ತೋರಿಸಿ, ಹೊಸದು ತರುವುದು ರೂಢಿ. ಹೀಗೆ ಕೌಂಟರಿನಲ್ಲಿ ಸಿಗುವ ಮುಲಾಮುಗಳನ್ನೂ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುವ ಎಚ್‌ಐವಿ ಪರೀಕ್ಷೆಯನ್ನೂ ರೆಪ್ಪೆಯ ಮಟ್ಟಿಗೆ ಮಾತ್ರ ತೂಗಿ ನೋಡಿದ ಬರಹ ಇದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೂರು ನಾಲ್ಕು ಔಷಧ ಬೆರೆಸಿದ ಚರ್ಮದ ಮುಲಾಮು ರೆಪ್ಪೆಗೆ ಬೇಡವೇ ಬೇಡ. ಕಣ್ಣಿನ ಆ್ಯಂಟಿಬಯಾಟಿಕ್ ಮುಲಾಮಿನಿಂದ ಉಪಯೋಗವಿದೆ, ಆದರೆ ಜನ ಅಂದುಕೊಂಡಷ್ಟಲ್ಲ. ಬಿಸಿನೀರಿನ ಬಟ್ಟೆ ಈ ಎಲ್ಲಕ್ಕಿಂತ ಮೇಲು. ಗುಳ್ಳೆ ವಾಡಿಕೆಯಂತೆ ಕಾಣದಿದ್ದರೆ ಟ್ಯೂಬಿಗಿಂತ ಮೊದಲು ರಕ್ತಪರೀಕ್ಷೆ ಆಗಬೇಕು, ಏಕೆಂದರೆ ದೇಹದ ರೋಗನಿರೋಧಕ ಶಕ್ತಿ ಕುಗ್ಗಿರುವುದನ್ನು ರೆಪ್ಪೆ ಹೀಗೆ ಸೂಚಿಸುತ್ತಿರಬಹುದು.

ಮೊದಲು ಆ ಬೆರಕೆ ಮುಲಾಮನ್ನೇ ನೋಡೋಣ. ನೂರು ರೂಪಾಯಿ ಆಸುಪಾಸಿನ 15 ಅಥವಾ 20 ಗ್ರಾಂ ಟ್ಯೂಬ್. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಮೂರು ನಾಲ್ಕು ಹೆಸರುಗಳಿರುತ್ತವೆ: ಬ್ಯಾಕ್ಟೀರಿಯಾಕ್ಕೆ ನಿಯೋಮೈಸಿನ್, ಜೆಂಟಾಮೈಸಿನ್ ಅಥವಾ ಒಫ್ಲಾಕ್ಸಾಸಿನ್, ಶಿಲೀಂಧ್ರಕ್ಕೆ ಮೈಕೊನಜೋಲ್, ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್, ಜೊತೆಗೆ ಒಂದು ಸ್ಟಿರಾಯ್ಡ್. ಸ್ಟಿರಾಯ್ಡನ್ನು ಹೆಸರಿನಿಂದಲೇ ಗುರುತಿಸಬಹುದು: ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್. ಕೊನೆಯದು ಶೇ 0.05ರಷ್ಟೇ ಇದ್ದರೂ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತಿ ಪ್ರಬಲವಾದ ಗುಂಪಿಗೆ ಸೇರಿದ್ದು. ಅಂಗೈಯ ದಪ್ಪ ಚರ್ಮಕ್ಕೆ ವೈದ್ಯರು ಎಣಿಸಿದ ದಿನಗಳಿಗೆ ಮಾತ್ರ ಬರೆದುಕೊಡುವಂಥ ಔಷಧಿ ಅದು. ರೆಪ್ಪೆಯ ಚರ್ಮವೋ ಮೈಯಲ್ಲೇ ಅತಿ ತೆಳು, ಒಂದು ಮಿಲಿಮೀಟರ್ ಕೂಡ ಇಲ್ಲ. ಹಚ್ಚಿದ್ದು ಬೇಗ ಒಳಗಿಳಿಯುತ್ತದೆ, ಕಣ್ಣಿನೊಳಕ್ಕೂ ಹರಿಯುತ್ತದೆ. ವಾರಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆಯೂ ಬೇಗ ಬರಬಹುದು. ಒತ್ತಡ ಏರುವಾಗ ನೋವಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ನರ ಹಾಳಾಗಿರುತ್ತದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಸ್ಟಿರಾಯ್ಡ್ ಕೆಂಪನ್ನು, ಊತವನ್ನು, ತುರಿಕೆಯನ್ನು ಎರಡು ಮೂರು ದಿನದಲ್ಲಿ ಇಳಿಸುತ್ತದೆ. ಸೋಂಕು ಹೋಗಿರುವುದಿಲ್ಲ, ಸೋಂಕಿನ ವಿರುದ್ಧ ದೇಹ ನಡೆಸುತ್ತಿದ್ದ ಹೋರಾಟವನ್ನು ಅದು ನಿಲ್ಲಿಸಿರುತ್ತದೆ. ಅಂದರೆ ಹಚ್ಚಿದಷ್ಟು ಜಾಗದಲ್ಲಿ ರೋಗನಿರೋಧಕ ಶಕ್ತಿಯನ್ನು ನಾವೇ ಕೈಯಾರೆ ಕುಗ್ಗಿಸಿದಂತೆ. ಅಲ್ಲಿ ವೈರಸ್ಸಿನ ಗುಳ್ಳೆ ಒಂದಿದ್ದದ್ದು ಹತ್ತಾಗುತ್ತದೆ. ಹುಳುಕಡ್ಡಿ ತನ್ನ ಉಂಗುರದ ಅಂಚು ಕಳೆದುಕೊಂಡು ಗುರುತೇ ಸಿಗದ ಹಾಗೆ ಹರಡುತ್ತದೆ. ಆಮೇಲೆ ನೋಡುವ ವೈದ್ಯರಿಗೆ ಗೊಂದಲ: ಇಷ್ಟು ಹರಡಿದ್ದು ರೋಗಿಯ ದೇಹ ಸೋತಿದ್ದರಿಂದಲೋ, ಟ್ಯೂಬಿನಿಂದಲೋ? ರೆಪ್ಪೆ ಹೇಳಬೇಕಾಗಿದ್ದ ಸುದ್ದಿಯನ್ನು ಟ್ಯೂಬ್ ಅಳಿಸಿಬಿಟ್ಟಿರುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್ ಬಿಗಿಗೆ ತಂದದ್ದು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದದ್ದು, ಇಂಥ ದುರುಪಯೋಗದಿಂದಲೇ. ಚೀಟಿ ಕೇಳುವ ಅಂಗಡಿಯವರ ಮೇಲೆ ದಯವಿಟ್ಟು ಸಿಟ್ಟಾಗಬೇಡಿ. ಅವರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ.

ಇನ್ನು ಕಣ್ಣಿಗೆಂದೇ ಮಾಡಿದ ಮುಲಾಮು. 3 ಅಥವಾ 5 ಗ್ರಾಮಿನ ಪುಟ್ಟ ಟ್ಯೂಬ್, ಇಲ್ಲವೇ ಒಂದು ಸಲಕ್ಕೆ ಒಂದು ಹಿಂಡುವ ಕ್ಲೋರಾಂಫೆನಿಕಾಲ್ ಕ್ಯಾಪ್ಸೂಲ್. ಪೊಟ್ಟಣದ ಮೇಲೆ 'ಆಪ್ತಾಲ್ಮಿಕ್' 'ಸ್ಟೆರೈಲ್' ಎಂಬ ಎರಡೂ ಪದ ಇರಬೇಕು. ಬರೀ 'ಎಕ್ಸ್‌ಟರ್ನಲ್ ಯೂಸ್' ಎಂದಿದ್ದರೆ ಅದು ಚರ್ಮದ್ದು, ಕಣ್ಣಿನ ಹತ್ತಿರ ಸುಳಿಯಬಾರದು. ರೆಪ್ಪೆಯಂಚಿನಲ್ಲಿ ಕೀವು ತುಂಬಿದ ಕಣ್ಣುಕುರುವಿಗೆ, ರೆಪ್ಪೆಗೂದಲ ಬುಡದ ಉರಿಗೆ ವೈದ್ಯರು ಇದನ್ನು ಕೊಡುವುದುಂಟು. ಆದರೆ ಕಣ್ಣುಕುರು ಬಹುಪಾಲು ತಾನೇ ಒಡೆದು ವಾರ ಹತ್ತು ದಿನದಲ್ಲಿ ಹೋಗುತ್ತದೆ, ಅದಕ್ಕೆ ಬೇಕಾದದ್ದು ಶಾಖ. ಒಂದು ಎಚ್ಚರ: ಇದೇ ಟ್ಯೂಬಿನ ಹಾಗೆ ಕಾಣುವ, ಹೆಸರಿನ ಕೊನೆಗೆ ಒಂದಕ್ಷರ ಮಾತ್ರ ಬೇರೆ ಇರುವ ಸ್ಟಿರಾಯ್ಡ್ ಬೆರೆತ ಕಣ್ಣಿನ ಮುಲಾಮುಗಳೂ ಇವೆ. ಡೆಕ್ಸಾಮೆಥಾಸೋನ್ ಎಂಬ ಪದ ಕಂಡರೆ ಚೀಟಿಯಲ್ಲಿ ಬರೆದದ್ದು ಅದೇ ಹೌದೇ ಎಂದು ಮತ್ತೊಮ್ಮೆ ನೋಡಿ. ಎಸಿಕ್ಲೊವಿರ್‌ನಲ್ಲೂ ಇದೇ ಗೊಂದಲ. ಚರ್ಮದ ಕ್ರೀಮು ಶೇ 5ರದ್ದು, ಕಣ್ಣಿನ ಮುಲಾಮು ಶೇ 3ರದ್ದು. ಒಂದರ ಬದಲು ಇನ್ನೊಂದು ಆಗುವುದಿಲ್ಲ.

ಶಾಖ ಕೊಡುವುದರಲ್ಲಿ ಜನ ತಪ್ಪುವುದು ಹೊತ್ತಿನ ಲೆಕ್ಕದಲ್ಲಿ. ಒಗೆದ ಹತ್ತಿಬಟ್ಟೆಯನ್ನು ಮಣಿಕಟ್ಟಿಗೆ ಹಿತವೆನಿಸುವಷ್ಟೇ ಬಿಸಿ ನೀರಲ್ಲಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಇಡಬೇಕು. ಬಟ್ಟೆ ಎರಡು ನಿಮಿಷಕ್ಕೇ ಆರುತ್ತದೆ, ಮತ್ತೆ ಅದ್ದಬೇಕು. ಹೀಗೆ ಒಟ್ಟು ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಕುರುವನ್ನು ಹಿಚುಕಬಾರದು. ಅಲ್ಲಿಯವರೆಗೆ ಕಾಡಿಗೆ ಬೇಡ, ಮುಖ ಒರೆಸುವ ಟವೆಲು ಬೇರೆ ಇರಲಿ. ನಂದಿಬಟ್ಟಲು ಹೂವಿನ ರಸವನ್ನೋ ಎದೆಹಾಲನ್ನೋ ಸೋಂಕಿದ ಕಣ್ಣಿಗೆ ಬಿಡುವುದು ಬೇಡ. ಕುದಿಸದ ದ್ರವ ಯಾವುದಾದರೂ ಇನ್ನೊಂದು ಸೋಂಕಿಗೆ ದಾರಿ.

ಇಲ್ಲಿಯವರೆಗೆ ಹೇಳಿದ್ದು ವಾಡಿಕೆಯ ಗುಳ್ಳೆಗೆ. ವಾಡಿಕೆಯದ್ದಲ್ಲ ಎಂದು ತಿಳಿಯುವುದು ಹೇಗೆ?

ಮೊಲಸ್ಕಮ್ ಎಂಬ ವೈರಸ್ ಗುಳ್ಳೆಯಿಂದ ಶುರುಮಾಡುತ್ತೇವೆ, ಏಕೆಂದರೆ ರೆಪ್ಪೆ ಕೊಡುವ ಸೂಚನೆಗಳಲ್ಲಿ ಅತಿ ಸ್ಪಷ್ಟವಾದದ್ದು ಅದು. ನರಹುಲಿ ಎಂದು ತಳ್ಳಿಹಾಕುವುದೂ ಅದನ್ನೇ. ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ನೋಡಿ. 2ರಿಂದ 5 ಮಿ.ಮೀ. ಅಗಲ, ಬೆಂದ ಸಬ್ಬಕ್ಕಿ ಕಾಳಿನ ಹಾಗೆ ನುಣುಪು, ಮಂಕು ಬಿಳುಪು. ನಡುವೆ ಸೂಜಿಮೊನೆ ಒತ್ತಿದಂಥ ಒಂದು ಕುಳಿ, ಕುಳಿಯೊಳಗೆ ಮೊಸರಿನ ಕೆನೆಯಂಥ ಬಿಳಿ ತಿರುಳು. ನರಹುಲಿಯಾದರೆ ಮೇಲ್ಮೈ ಒರಟು, ಕುಳಿ ಇರುವುದಿಲ್ಲ. ಈ ಗುಳ್ಳೆ ರೆಪ್ಪೆಯಂಚಿನಲ್ಲಿದ್ದರೆ ತಿರುಳು ಕಣ್ಣಿಗೆ ಉದುರುತ್ತಾ ಇರುತ್ತದೆ. ತಿಂಗಳುಗಟ್ಟಲೆ ಒಂದೇ ಕಣ್ಣು ಕೆಂಪಾಗಿ, ಎಷ್ಟು ಡ್ರಾಪ್ಸ್ ಹಾಕಿದರೂ ವಾಸಿಯಾಗದಿದ್ದರೆ ಇಂಥದ್ದೊಂದು ರೆಪ್ಪೆಗೂದಲ ನಡುವೆ ಅಡಗಿದೆಯೇ ಎಂದು ಹುಡುಕಬೇಕು.

ಮಕ್ಕಳಲ್ಲಿ ಇದು ಮಾಮೂಲು. ನಾಲ್ಕಾರು ಗುಳ್ಳೆ ಬಂದು, ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷ ದಾಟಿ, ತಾವೇ ಹೋಗುತ್ತವೆ. ಶಾಲೆಗೆ ಹೋಗುವ ಮಗುವಿನ ರೆಪ್ಪೆಯಲ್ಲಿ ಎರಡು ಗುಳ್ಳೆ ಕಂಡು ಯಾರೂ ಎದೆ ಒಡೆದುಕೊಳ್ಳಬೇಕಿಲ್ಲ. ದೊಡ್ಡವರಲ್ಲಿ ಕಥೆ ಬೇರೆ. ಎರಡೂ ಕಣ್ಣಿನ ರೆಪ್ಪೆಗಳಲ್ಲಿ, ಮುಖದಲ್ಲಿ ಹತ್ತಾರು ಗುಳ್ಳೆ. ಒಂದೊಂದು ಸೆಂಟಿಮೀಟರ್ ದಾಟಿದ ದೊಡ್ಡ ಗಂಟು. ತೆಗೆಸಿದರೂ ಮತ್ತೆ ಮತ್ತೆ ಬರುವುದು. ಹೀಗಿದ್ದರೆ ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು. ಸೋಂಕಿನ ವಿರುದ್ಧ ದಳ ಕಟ್ಟುವ ಸಿಡಿ4 ಎಂಬ ಬಿಳಿ ರಕ್ತಕಣ ಆರೋಗ್ಯವಂತರಲ್ಲಿ ಮೈಕ್ರೊಲೀಟರಿಗೆ 500ಕ್ಕಿಂತ ಹೆಚ್ಚಿರುತ್ತದೆ. ಅದು 200ಕ್ಕಿಂತ ಕೆಳಗಿಳಿದವರಲ್ಲಿ ಈ ಬಗೆಯ ಮೊಲಸ್ಕಮ್ ಎದ್ದು ಕಾಣುತ್ತದೆ. ಇಂಥ ಸ್ಥಿತಿಯಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವೂ ಮುಖದಲ್ಲಿ ಇದೇ ರೂಪದ, ನಡುವೆ ಕುಳಿ ಬಿದ್ದ ಗುಳ್ಳೆ ಎಬ್ಬಿಸಬಲ್ಲದು. ಗುಳ್ಳೆಯ ಜೊತೆ ಬಿಡದ ತಲೆನೋವು, ಜ್ವರ ಇದ್ದರೆ ಅದು ಮಿದುಳಿನ ಪೊರೆಯವರೆಗೂ ಹೋಗಿರಬಹುದು. ಅಂಥವರು ಅದೇ ದಿನ ಆಸ್ಪತ್ರೆ ಸೇರಬೇಕು.

ಗುಳ್ಳೆಗೆ ಸುಣ್ಣ, ಸೋಪು ಕಲಸಿ ಹಚ್ಚುವ ಪದ್ಧತಿ ಇನ್ನೂ ಉಳಿದಿದೆ. ಕೈಬೆರಳಿನಲ್ಲಾದರೆ ಒಂದು ಕಲೆ ಉಳಿದೀತು. ರೆಪ್ಪೆಯಲ್ಲಿ ಸುಣ್ಣ ಜಾರಿ ಕಣ್ಣಿಗೆ ಬಿದ್ದರೆ ಕರಿಗುಡ್ಡೆಯೇ ಸುಡುತ್ತದೆ. ಹಾಗಾದರೆ ತಕ್ಷಣ ಅರ್ಧ ಗಂಟೆ ಶುದ್ಧ ನೀರು ಬಿಡುತ್ತಲೇ ಇರಬೇಕು, ರೆಪ್ಪೆ ಮಗುಚಿ ಸುಣ್ಣದ ಕಣ ತೆಗೆಯಬೇಕು, ಆಮೇಲೆ ಆಸ್ಪತ್ರೆ.

ಎರಡನೆಯದು ಸರ್ಪಸುತ್ತು. ಹಣೆಯ ಒಂದು ಮಗ್ಗುಲಲ್ಲಿ ಉರಿ, ಚುಚ್ಚು ನೋವು, ಎರಡು ಮೂರು ದಿನಕ್ಕೆ ಅದೇ ಮಗ್ಗುಲ ಮೇಲ್ರೆಪ್ಪೆಯಲ್ಲಿ ನೀರುಗುಳ್ಳೆಗಳ ಗೊಂಚಲು, ನಡುಗೆರೆಯನ್ನು ದಾಟುವುದಿಲ್ಲ. ಮೂಗಿನ ತುದಿಯಲ್ಲೂ ಗುಳ್ಳೆ ಕಂಡರೆ ಕಣ್ಣೊಳಗೆ ಹೋಗುವ ಸಾಧ್ಯತೆ ಬಹಳ, ಏಕೆಂದರೆ ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವುದು ಒಂದೇ ನರದ ಕವಲು. ಅರವತ್ತು ದಾಟಿದವರಿಗೆ ವಯಸ್ಸೇ ಸಾಕಷ್ಟು ಕಾರಣ. ಐವತ್ತರೊಳಗಿನವರಿಗೆ, ಅದರಲ್ಲೂ ಎರಡನೇ ಸಲವೋ ಮೈಮೇಲೆ ಒಂದಕ್ಕಿಂತ ಹೆಚ್ಚು ನರದ ಪಟ್ಟಿಯಲ್ಲೋ ಬಂದರೆ, ಎಚ್‌ಐವಿ ಮತ್ತು ಶುಗರ್ ಎರಡೂ ನೋಡಬೇಕು. ಇಲ್ಲಿ ಮುಲಾಮು ಸಾಲುವುದೇ ಇಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಮೂತ್ರಪಿಂಡ ಸರಿಯಿರುವ ದೊಡ್ಡವರಿಗೆ ವಾಡಿಕೆಯ ಪ್ರಮಾಣ ಎಸಿಕ್ಲೊವಿರ್ 800 ಮಿ.ಗ್ರಾಂ, ದಿನಕ್ಕೆ ಐದು ಸಲ, 7ರಿಂದ 10 ದಿನ. ಕೆಮ್ಮಣ್ಣಿನಲ್ಲಿ ಹಾವು ಬರೆಸುವವರು ಬರೆಸಲಿ, ಆದರೆ ಹುಬ್ಬಿನಿಂದ ಕೆಳಗೆ ಮಣ್ಣು ತಾಗಬಾರದು. ಬರೆಸುವ ಓಡಾಟದಲ್ಲಿ ಆ ಮೂರು ದಿನ ಕಳೆದುಹೋಗಲೂ ಬಾರದು. ಹಳ್ಳಿಗಳಲ್ಲಿ ಕಣ್ಣು ಕಳೆದುಕೊಳ್ಳುವುದು ಮಣ್ಣಿಗಿಂತ ಹೆಚ್ಚಾಗಿ ಈ ತಡದಿಂದ.

ಮೂರನೆಯದಕ್ಕೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಶುಗರ್ ಹತೋಟಿ ತಪ್ಪಿದವರು, ಸ್ಟಿರಾಯ್ಡ್ ಮಾತ್ರೆಯಲ್ಲಿರುವವರು, ಕಿಮೋ ಪಡೆಯುತ್ತಿರುವವರು, ಮೂತ್ರಪಿಂಡ ಕಸಿಯಾದವರು: ಇವರಲ್ಲಿ ಯಾರಿಗಾದರೂ ಒಂದು ಬದಿಯ ರೆಪ್ಪೆ ಊದಿ, ಜೋತು, ಅದೇ ಬದಿಯ ಕೆನ್ನೆ ಜೋಮು ಹಿಡಿದು, ಮೂಗಿನಿಂದ ಕಪ್ಪು ಬೆರೆತ ಸ್ರಾವ ಬಂದರೆ ಮ್ಯೂಕರ್ ಶಿಲೀಂಧ್ರ ಎಂದೇ ತಿಳಿದು ಹೊರಡಬೇಕು. 2021ರ ಕೋವಿಡ್ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂದು ಮನೆಮಾತಾದದ್ದು ಇದೇ. ಅದು ರಕ್ತನಾಳದೊಳಕ್ಕೇ ನುಗ್ಗಿ ಮುಚ್ಚುವುದರಿಂದ ಚರ್ಮ ಸತ್ತು ಕಪ್ಪಾಗುತ್ತದೆ. ಆಂಫೊಟೆರಿಸಿನ್ ಇಂಜೆಕ್ಷನ್ ಜೊತೆಗೆ ಸತ್ತ ಭಾಗವನ್ನು ಕತ್ತರಿಸಿ ತೆಗೆಯದೆ ಅದು ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವ ಊತಕ್ಕೂ ನೋವಿಗೂ ತಾಳೆಯಾಗದಷ್ಟು ನೋವು, ಗಂಟೆಗಂಟೆಗೆ ನೇರಳೆ ಬಣ್ಣಕ್ಕೆ ತಿರುಗುವ ರೆಪ್ಪೆ, ಕಣ್ಣು ಮುಂದಕ್ಕೆ ಬರುವುದು, ಕಣ್ಣು ಹೊರಳಿಸಿದರೆ ನೋವು, ಎರಡೆರಡು ಕಾಣುವುದು ಇವೂ ಅದೇ ಸಾಲಿನವು. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ಬೆಳಗಿನ ಮೊದಲ ಬಸ್ಸಿಗೆ ಕಾಯದೆ ರಾತ್ರಿಯೇ 108ಕ್ಕೆ ಕರೆ ಮಾಡಿ.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸಬಹುದು. ವರ್ಷಕ್ಕೆ ಹಲವು ಸಲ ಕಣ್ಣುಕುರು ಬರುವವರಲ್ಲಿ ಬಹುಪಾಲಿಗೆ ಕಾರಣ ರೆಪ್ಪೆಯಂಚಿನ ಎಣ್ಣೆಗ್ರಂಥಿಯ ತೊಂದರೆ, ರೋಗನಿರೋಧಕ ಶಕ್ತಿಯಲ್ಲ. ಆದರೂ ಶುಗರ್ ಒಮ್ಮೆ ನೋಡಿಸುವುದು ಒಳ್ಳೆಯದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಗಂಟಾಗಿ, ಅಲ್ಲಿನ ರೆಪ್ಪೆಗೂದಲು ಉದುರುತ್ತಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು; ಅದು ಕ್ಯಾನ್ಸರ್ ಇರಬಹುದು, ಕ್ಷಯವೂ ಇರಬಹುದು.

ಮಲೆನಾಡಿನವರು ಸೋಂಕು ಎಂದು ತಪ್ಪು ತಿಳಿಯುವ ಎರಡು ಸಂಗತಿಗಳೂ ಇವೆ. ಹೊಲಗೇರು ಮರ ಕಡಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಎರಡೂ ರೆಪ್ಪೆ ಬೆಲೂನಿನಂತೆ ಊದುತ್ತವೆ, ತುರಿಕೆ ವಿಪರೀತ, ಆದರೆ ಕೀವಿಲ್ಲ, ಜ್ವರವಿಲ್ಲ. ಅದು ಸೊನೆಯ ಅಲರ್ಜಿ. ಇನ್ನೊಂದು, ಕಾಡಿನಿಂದ ಬಂದವರ ರೆಪ್ಪೆಗೂದಲ ಬುಡದಲ್ಲಿ ಹೊಸದಾಗಿ ಕಂಡ ಕಪ್ಪು ಮಚ್ಚೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಲುಗಳು ಕಾಣುತ್ತವೆ, ಅದು ಉಣುಗು. ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ. ಕಣ್ಣಿನ ವೈದ್ಯರು ಚಿಮುಟದಲ್ಲಿ ಚರ್ಮಕ್ಕಂಟಿದ ಕಡೆ ಹಿಡಿದು ನೇರವಾಗಿ ತೆಗೆಯುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಬರುವುದರಿಂದ, ಆಮೇಲಿನ ದಿನಗಳಲ್ಲಿ ಜ್ವರ ಬಂದರೆ ಉಣುಗು ಕಚ್ಚಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಈಗ ಪರೀಕ್ಷೆಯ ಸೇವೆಗೆ ಬರೋಣ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ, ಶಿವಮೊಗ್ಗದಲ್ಲಿ ಜನ ಮೆಗ್ಗಾನ್ ಎಂದು ಕರೆಯುವಲ್ಲಿ ಕೂಡ, ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಇದೆ. ಐಸಿಟಿಸಿ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ದುಡ್ಡಿಲ್ಲ. ಮೊದಲು ಸಮಾಲೋಚಕರು ಕೂರಿಸಿ ಮಾತಾಡುತ್ತಾರೆ, ಒಪ್ಪಿಗೆ ಪಡೆಯುತ್ತಾರೆ, ಆಮೇಲೆ ರಕ್ತ. ಒಂದು ಕಿಟ್‌ನಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಹೇಳಿಬಿಡುವುದಿಲ್ಲ, ಬೇರೆ ಬೇರೆ ತತ್ವದ ಮೂರು ಪರೀಕ್ಷೆಗಳಲ್ಲಿ ತಾಳೆಯಾಗಬೇಕು. ಫಲಿತಾಂಶವನ್ನು ನಿಮಗೇ, ಮರೆಯಲ್ಲಿ, ಹೇಳಬೇಕು. ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಗುಟ್ಟು ಬಿಡಬಾರದು ಎಂಬುದು 2017ರ ಎಚ್‌ಐವಿ ಕಾಯ್ದೆಯ ಮಾತು. ಸಂಬಂಧಿಕರೇ ತುಂಬಿದ ಸಣ್ಣ ತಾಲ್ಲೂಕಿನಲ್ಲಿ ಯಾರಾದರೂ ನೋಡಿಯಾರೆಂಬ ಅಳುಕು ನಿಜವಾದದ್ದು. ಅಂಥವರು ಬೇರೆ ಊರಿನ ಕೇಂದ್ರಕ್ಕೆ ಹೋಗಬಹುದು, ಇಂಥ ಊರಿನವರೇ ಆಗಿರಬೇಕೆಂಬ ಕಟ್ಟಳೆಯಿಲ್ಲ. ಮೊದಲು ಫೋನಿನಲ್ಲಿ ಕೇಳಬೇಕೆನಿಸಿದರೆ 1097 ಉಚಿತ ಸಹಾಯವಾಣಿ.

ಈ ಸೇವೆಗೆ ನಾವು ಪೂರ್ತಿ ಅಂಕ ಕೊಡುತ್ತೇವೆ. ಕೊರತೆ ಇರುವುದು ಕಣ್ಣಿನ ವಿಭಾಗದಿಂದ ಈ ಕೋಣೆಯವರೆಗಿನ ದಾರಿಯಲ್ಲಿ. ಶುಗರ್ ನೋಡಿಸಿ ಎಂದು ಸಲೀಸಾಗಿ ಬರೆಯುವ ಕೈ ಎಚ್‌ಐವಿ ಎಂದು ಬರೆಯಲು ಹಿಂಜರಿಯುತ್ತದೆ, ರೋಗಿ ನೊಂದುಕೊಳ್ಳುತ್ತಾರೆಂದು. ಹಾಗಾಗಿ ನೀವೇ ಕೇಳಿಬಿಡಿ: "ಡಾಕ್ಟ್ರೇ, ಇದು ಇಷ್ಟು ಹರಡೋಕೆ ಒಳಗೆ ಏನಾದ್ರೂ ಕಾರಣ ಇದ್ಯಾ? ಶುಗರ್, ಸಿಬಿಸಿ, ಎಚ್‌ಐವಿ ಮೂರೂ ಬರ್ಕೊಡಿ."

ಮೂರರಲ್ಲೂ ಏನು ನೋಡಬೇಕೆಂದು ಗೊತ್ತಿರಲಿ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇ 6.5 ಮುಟ್ಟಿದರೆ ಸಕ್ಕರೆ ಕಾಯಿಲೆಯ ಮಟ್ಟ. ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆಯಲ್ಲಿ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಎಣಿಕೆ ಮೈಕ್ರೊಲೀಟರಿಗೆ 1,000ಕ್ಕಿಂತ ಕಡಿಮೆ ಇದ್ದರೆ ಅಥವಾ ತಿಂಗಳುಗಟ್ಟಲೆ 5,000 ದಾಟಿಯೇ ಇದ್ದರೆ ಮುಂದಿನ ತಪಾಸಣೆ ಬೇಕು. ಎರಡನೆಯದು ನಿಧಾನವಾಗಿ ಬೆಳೆಯುವ ರಕ್ತ ಕ್ಯಾನ್ಸರಿನ ಗುರುತಾಗಿರಬಹುದು. ಖಾಸಗಿ ಲ್ಯಾಬಿನ 'ಫುಲ್ ಬಾಡಿ' ಪ್ಯಾಕೇಜನ್ನೇ ನಂಬಿ ಕೂರಬೇಡಿ. ಥೈರಾಯ್ಡ್, ವಿಟಮಿನ್, ಕೊಲೆಸ್ಟ್ರಾಲ್ ಎಂದು ಉದ್ದ ಪಟ್ಟಿ ಇದ್ದರೂ ಹಲವು ಪ್ಯಾಕೇಜುಗಳಲ್ಲಿ ಎಚ್‌ಐವಿ ಇರುವುದಿಲ್ಲ. 'ಎಲ್ಲಾ ನಾರ್ಮಲ್' ಎಂಬ ವರದಿ ಹಿಡಿದು ಸಮಾಧಾನಪಟ್ಟರೆ ಅದು ಹುಸಿ ಸಮಾಧಾನ. ಇಮ್ಯುನಿಟಿ ಪುಡಿ, ಕಷಾಯಗಳ ಡಬ್ಬಿಗೆ ಈ ವಿಷಯದಲ್ಲಿ ಕೆಲಸವೇ ಇಲ್ಲ.

ವೈದ್ಯರಲ್ಲಿಗೆ ಹೋಗುವಾಗ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ, ಖಾಲಿಯಾದದ್ದನ್ನೂ. ಉಬ್ಬಸಕ್ಕೋ ಮಂಡಿನೋವಿಗೋ ಹೆಸರಿಲ್ಲದ ಪೊಟ್ಟಣದ ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ದಿನವೂ ಬೆಳಿಗ್ಗೆ ಕಿಟಕಿ ಬಳಿ, ಫ್ಲ್ಯಾಶ್ ಇಲ್ಲದೆ, ಕೆನ್ನೆಗೆ ಸ್ಕೇಲ್ ಹಿಡಿದು ತೆಗೆದ ಫೋಟೋ ಇದ್ದರೆ ಗುಳ್ಳೆ ಬೆಳೆಯುತ್ತಿದೆಯೋ ಇಳಿಯುತ್ತಿದೆಯೋ ವಾದವಿಲ್ಲದೆ ತಿಳಿಯುತ್ತದೆ. ತಿಂಗಳುಗಟ್ಟಲೆ ಸ್ಟಿರಾಯ್ಡ್ ಹಚ್ಚಿದವರು ಕಣ್ಣಿನ ಒತ್ತಡ ಅಳೆಸಿಕೊಳ್ಳಿ. ನಿಲ್ಲಿಸಿದ ಮೇಲೆ ಒಂದೆರಡು ವಾರ ರೆಪ್ಪೆ ಕೆಂಪಾಗಿ ಉರಿಯಬಹುದು. ಆಗ ಮತ್ತೆ ಅದನ್ನೇ ಹಚ್ಚಲು ಮನಸ್ಸಾಗುತ್ತದೆ, ಹಚ್ಚಬಾರದು.

ಎಚ್‌ಐವಿ ಇದೆ ಎಂದು ತಿಳಿದರೆ, 2017ರಿಂದ ಸಿಡಿ4 ಎಷ್ಟೇ ಇರಲಿ ಎಲ್ಲರಿಗೂ ಆ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧಿ ಸರ್ಕಾರದಿಂದ ಉಚಿತ. ಮೊಲಸ್ಕಮ್ ಗುಳ್ಳೆಯನ್ನು ಕಣ್ಣಿನ ಅಥವಾ ಚರ್ಮದ ವೈದ್ಯರು ಕೆರೆದೋ ಶೀತದಿಂದ ಸುಟ್ಟೋ ತೆಗೆಯಬಹುದು, ಆದರೆ ಸಿಡಿ4 ಏರದೆ ಅವು ನಿಲ್ಲುವುದಿಲ್ಲ. ಔಷಧಿ ಶುರುವಾದ ಮೊದಲ ವಾರಗಳಲ್ಲಿ ಗುಳ್ಳೆಗಳು ಕೆಂಪಾಗಿ ಊದಿ, ಸಂಖ್ಯೆಯೂ ಹೆಚ್ಚಿದಂತೆ ಕಾಣುವುದುಂಟು. ಚೇತರಿಸಿಕೊಂಡ ದೇಹ ಅವುಗಳನ್ನು ಗುರುತಿಸಿ ಮೇಲೆ ಬಿದ್ದಿರುವುದೇ ಅದಕ್ಕೆ ಕಾರಣ. ಆ ಹೊತ್ತಿನಲ್ಲಿ ಮಾತ್ರೆ ಒಗ್ಗಲಿಲ್ಲವೆಂದು ಬಿಡಬೇಡಿ, ಎಆರ್‌ಟಿ ಕೇಂದ್ರಕ್ಕೆ ಹೋಗಿ ತೋರಿಸಿ. ಬರುವ ತಿಂಗಳುಗಳಲ್ಲಿ ಅವು ಒಂದೊಂದಾಗಿ ಬಾಡಿ ಉದುರುತ್ತವೆ.